ಕಾರ್ ಪಾರ್ಕಿನ ಫೈನಲ್

ಆ ದಿನಗಳಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಹೆದ್ದಾರಿಗೂ ಮಧ್ಯಾಹ್ನದ ಜೊಂಪು ಹತ್ತಿದಂತಿತ್ತು. ಕೊರೊನಾ ಕಾಲ, ನನಗೆ ಹನ್ನೆರಡು ವರ್ಷ. ಲಾಕ್‌ಡೌನ್ ಸಡಿಲವಾದಾಗ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಾರ್ ಪಾರ್ಕೇ ನನಗೂ ಎದುರು ಮನೆಯ ಕೀರಾಳಿಗೂ ಮೈದಾನ. ಪೆಟ್ರೋಲು, ಸ್ಯಾನಿಟೈಸರು, ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ಯಾರೋ ಕಟ್ಟಿಸಿಕೊಂಡು ತಂದ ಸಾರಿನ ಘಮ, ಎಲ್ಲ ಅಲ್ಲೇ ತೇಲುತ್ತಿತ್ತು.

ಕೀರಾಳ ಅಪ್ಪ ಐರ್ಲೆಂಡಿನವರು, ನನ್ನ ಅಪ್ಪನ ಜೊತೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನಮಗೆ ತಮ್ಮ ದೇಶದ ಆಟವಾದ ಗೇಲಿಕ್ ಫುಟ್‌ಬಾಲ್ ಕಲಿಸಿದವರು ಅವರೇ. ಅದೂ ನೂರಮೂವತ್ತು ವರ್ಷ ಹಿಂದಿನ, ಮೊದಮೊದಲ ಚಾಂಪಿಯನ್‌ಶಿಪ್ಪುಗಳ ನಿಯಮದಂತೆ! ಆಗ ಒಂದೊಂದು ಕಡೆಗೆ ಇಪ್ಪತ್ತೊಂದು ಜನರಂತೆ. ನಮ್ಮಲ್ಲಿ ಒಬ್ಬೊಬ್ಬರೇ, ಹಾಗಾಗಿ ನೇರ ಫೈನಲ್. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಅಕ್ಕಪಕ್ಕ ಹೋದರೆ ಪಾಯಿಂಟು. ಎಷ್ಟೇ ಪಾಯಿಂಟು ಸೇರಿದರೂ ಒಂದು ಗೋಲಿಗೆ ಸಮವಲ್ಲ.

ಮೊದಲರ್ಧ ಮುಗಿದಾಗ ನನಗೆ ಏಳು ಪಾಯಿಂಟು, ಕೀರಾಳಿಗೆ ಒಂದೇ ಗೋಲು. ಗೆಲ್ಲುತ್ತಿದ್ದವಳು ಅವಳು! ಅಷ್ಟರಲ್ಲಿ ಕಾವಲುಗಾರ ಬಂದು ಓಡಿಸಿದ. ಉಳಿದರ್ಧ ಮುಂದಿನ ಶನಿವಾರಕ್ಕೆ ಹೋಯಿತು. ಅಳುತ್ತ ಮನೆಗೆ ಬಂದೆ.

"ಎಂಥ ನ್ಯಾಯ ಮಾರಾಯ್ತಿ ಇದು? ಏಳು ದೋಸೆ ಹೊಯ್ದವಳಿಗಿಂತ ಒಂದು ಹೋಳಿಗೆ ತಟ್ಟಿದವಳು ಹೆಚ್ಚಾ?" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಗೋಲು ಹೊಡೆದು ಸಮ ಮಾಡಿದ್ದರೆ ಸಾಕಿತ್ತು, ನನ್ನ ಪಾಯಿಂಟುಗಳಿಗೂ ಬೆಲೆ ಬರುತ್ತಿತ್ತು.

ಶನಿವಾರ ಬರುವ ಮೊದಲೇ ಲಾಕ್‌ಡೌನ್ ಮತ್ತೆ ಬಂತು. ಅದು ತೆರೆಯುವ ಮೊದಲೇ ಕೀರಾಳ ಅಪ್ಪನ ಕೆಲಸದ ಅವಧಿ ಮುಗಿದು ಅವರು ಊರಿಗೆ ಹೊರಟರು. ನನ್ನ ಮುಖ ನೋಡಿ ಅಂಕಲ್ ಸಮಾಧಾನ ಹೇಳಿದರು: "ಚಾಂಪಿಯನ್‌ಶಿಪ್ಪು ಶುರುವಾದ ಎರಡನೇ ವರ್ಷವೇ ನಮ್ಮ ಆಟಗಾರರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಆ ವರ್ಷ ಫೈನಲ್ ನಡೆಯಲೇ ಇಲ್ಲ. ಸೋತವರೂ ಇಲ್ಲ."

ಹೊರಡುವ ದಿನ ಸೂಟ್‌ಕೇಸುಗಳು ಲಿಫ್ಟಿನ ಬಳಿ ನಿಂತಿದ್ದವು. ಕೀರಾ ಖಾಲಿ ಮನೆಯ ಬಾಗಿಲು ಪೂರ್ತಿ ತೆರೆದು, ಮಾಸ್ಕ್ ಹಾಕಿಕೊಂಡೇ ಹೊಸ್ತಿಲಲ್ಲಿ ಕೈಚಾಚಿ ನಿಂತಳು. "ಇದೇ ಗೋಲು. ಕಿಕ್ ಲಾ!" ಎಂದಳು, ಅಲ್ಲಿಯವರ ಧಾಟಿಯಲ್ಲಿ.

ಚೆಂಡು ನನ್ನ ಕಾಲ ಬಳಿಯೇ ಇತ್ತು. ಒದ್ದರೆ ಆಟ ಮುಗಿದುಹೋಗುತ್ತದೆ, ಮುಗಿಯದೆ ಉಳಿದರೆ ಇವಳು ಬರಲೇಬೇಕು ಎಂದುಕೊಂಡೆ. ಚೆಂಡನ್ನೆತ್ತಿ ಎದೆಗೆ ಅವಚಿಕೊಂಡೆ. "ನೀನು ವಾಪಸು ಬಂದ ಮೇಲೆ" ಎಂದೆ. ಅವಳು ತಲೆಯಾಡಿಸಿದಳು. ಲಿಫ್ಟು ಇಳಿಯಿತು.

ಅವಳು ಬರಲಿಲ್ಲ. ನಾನೂ ಈಗ ಮಣಿಪಾಲದ ಹಾಸ್ಟೆಲಿನಲ್ಲಿದ್ದೇನೆ. ಹುಟ್ಟುಹಬ್ಬಕ್ಕೊಂದು ಮೆಸೇಜು, ಅಷ್ಟೇ ಉಳಿದಿರುವುದು. ಸೋಲಲಿಲ್ಲ ಎಂಬ ಸಮಾಧಾನ ನನಗೆ ಬೇಡ. ಅಂದು ಒದ್ದು ಸೋತಿದ್ದರೂ ಚೆನ್ನಾಗಿತ್ತು; ಅವಳ ಜೊತೆ ಇನ್ನೊಂದಿಷ್ಟು ಹೊತ್ತು ಆಡಿದಂತಾಗುತ್ತಿತ್ತು.