ಅಜ್ಜಿ ಕೇಳಿದ ಕೆಮ್ಮು

ದೆವ್ವ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವನು ನಾನು. ಓದಿದ್ದು ಭೌತಶಾಸ್ತ್ರ, ಎಲ್ಲಕ್ಕೂ ಕಾರಣ ಇದ್ದೇ ಇದೆ ಎಂದು ವಾದಿಸಿ ಎಷ್ಟೋ ಜನರ ಮನಸ್ಸು ಕೆಡಿಸಿದ್ದೇನೆ. ಯಲಿಯೂರಿನ ನಮ್ಮ ಮನೆಯಲ್ಲಿ ನಡೆದ ಈ ಸಂಗತಿಗೆ ಮಾತ್ರ ಕಾರಣ ಹುಡುಕಿ ಸೋತಿದ್ದೇನೆ.

ಎರಡನೇ ಮಹಾಯುದ್ಧ ಮುಗಿದ ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜಕ್ಕೆ ಊರಿಗೆ ಬಂದರೆ ಪುಸ್ತಕ ಮುಟ್ಟುತ್ತಿರಲಿಲ್ಲ. ಜಗಲಿಯಲ್ಲಿ ಕೂತು ತಂತಿ ಸುತ್ತುವುದೇ ಕೆಲಸ. ಮಂಡ್ಯದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರು ಕೊಟ್ಟ ಹಳೆಯ ಸಾಮಾನುಗಳಿಂದ ಒಂದು ರೇಡಿಯೋ ಜೋಡಿಸಿದ್ದೆ. ರೇಡಿಯೋದ ಜೀವವೇ ಆದ ಒಂದೇ ಒಂದು ಗಾಜಿನ ವಾಲ್ವು, ಬ್ಯಾಟರಿ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ತಿಂಗಳಾದರೂ ಅದು ಉಸಿರೆತ್ತಿರಲಿಲ್ಲ.

ಆ ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೆ. ಅಪ್ಪನ ಸಹನೆ ಮುಗಿಯಿತು.

"ಓದಕ್ಕೆ ಕಳ್ಸುದ್ರೆ ತಗಡು ಕುಟ್ಕೊಂಡು ಕುಂತವ್ನೆ. ಸಂಜೆ ಒಳ್ಗೆ ಇದು ಮಾತಾಡ್ಬೇಕು. ಇಲ್ದಿದ್ರೆ ಇದು ನಾಲೆಗೆ, ನೀನು ನೇಗ್ಲಿಗೆ!"

ಅಪ್ಪ ಆಡಿದ ಮಾತು ತಪ್ಪುವವರಲ್ಲ. ಮಧ್ಯಾಹ್ನವೆಲ್ಲ ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದೆ.

ಸಂಜೆ ಅಪ್ಪ ಗದ್ದೆಯಿಂದ ಬಂದು ಎದುರಿಗೆ ನಿಂತರು. ಆಗ ಅವರ ತಾಯಿ, ನಮ್ಮಜ್ಜಿ, "ಕೊಡ್ಲಾ ಮಗ ಇಲ್ಲಿ" ಎಂದು ಹೆಡ್‌ಫೋನು ಕಿತ್ತುಕೊಂಡು ಕಿವಿಗಿಟ್ಟುಕೊಂಡಳು. ಹತ್ತು ವರ್ಷದಿಂದ ಪಕ್ಕದಲ್ಲೇ ತಮಟೆ ಬಡಿದರೂ ಕೇಳಿಸದ ಕಿವಿ ಅವಳದು! ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದಳು. "ಯಾವ್ದೋ ಎಣ್ಮಗ ಪದ ಆಡ್ತಾದೆ ಕಣ್ಲಾ, ಏನ್ ಚಂದಾಗಿ!" ಆಮೇಲೆ ಮುಖ ಸಣ್ಣದಾಯಿತು. "ಅಯ್ಯೋ, ಕೆಮ್ಮು ಬಂದ್ಬುಡ್ತು ಕೂಸ್ಗೆ. ಆಡೋದೇ ನಿಂತೋಯ್ತು. ಯಾರಾರ ಒಂದ್ ಲೋಟ ಬಿಸ್ನೀರ್ ಕೊಡ್ಬಾರ್ದಾ?"

ಇಷ್ಟು ವರ್ಷದ ಮೇಲೆ ತಾಯಿಗೆ ಏನೋ ಕೇಳಿಸಿತಲ್ಲ! ಅಪ್ಪನ ಕಣ್ಣು ಒದ್ದೆಯಾಯಿತು. "ಇರ್ಲಿ ಬುಡು, ಓಗಿ ಓದ್ಕೊ" ಎಂದು ಕೈಕಾಲು ತೊಳೆಯಲು ಹೋದರು.

ನಾನು ಹೆಡ್‌ಫೋನು ಹಾಕಿಕೊಂಡೆ. ಏನೂ ಇಲ್ಲ. ಪೆಟ್ಟಿಗೆ ತೆರೆದರೆ ವಾಲ್ವೇ ಇಲ್ಲ! ಬೆಸುಗೆ ಹಾಕುವಾಗ ಒಡೆದೀತೆಂದು ಅದನ್ನು ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡವನು ಮತ್ತೆ ಸಿಕ್ಕಿಸುವುದನ್ನೇ ಮರೆತಿದ್ದೆ. ನನ್ನನ್ನು ಉಳಿಸಲು ಮುದುಕಿ ಎಂಥ ನಾಟಕ ಆಡಿದಳಪ್ಪ ಎಂದುಕೊಂಡೆ.

ಮಾರನೆಯ ದಿನ ಮಂಡ್ಯಕ್ಕೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಖಾದರ್ ಸಾಬರು ಹೇಳಿದರು: "ನೆನ್ನೆ ಸಂಜೆ ರೇಡಿಯೋ ಕೇಳಿದ್ಯೇನಪ್ಪ? ಆ ಹುಡುಗಿ ಎಷ್ಟು ಚೆನ್ನಾಗಿ ಹಾಡ್ತಿದ್ಲು! ಪಾಪ, ಕೆಮ್ಮು ಬಂದು ಮಧ್ಯಕ್ಕೇ ನಿಂತೋಯ್ತು."

ನಾನು ಜೇಬಿಗೆ ಕೈ ಹಾಕಿ ನೋಡಿದೆ; ವಾಲ್ವು ಹತ್ತಿಯಲ್ಲಿ ಸುತ್ತಿದ ಹಾಗೇ ಇತ್ತು.

ಊರಿಗೆ ಬಂದು ವಾಲ್ವು ಸಿಕ್ಕಿಸಿದೆ. ಈ ಸಲ ರೇಡಿಯೋ ನಿಜಕ್ಕೂ ಹಾಡಿತು. ಓಡಿಹೋಗಿ ಅಜ್ಜಿಯ ಕಿವಿಗಿಟ್ಟೆ. ಅವಳು ಬಹಳ ಹೊತ್ತು ಕಾದು, ತೆಗೆದು ನನ್ನ ಕೈಗೇ ಕೊಟ್ಟಳು.

"ಏನೂ ಕೇಳಾಕಿಲ್ಲ ಕಣ್ಲಾ ಮಗ. ನೀನೇ ಕೇಳ್ಕೊ."

"ಅಂಗಾರೆ ನೆನ್ನೆ ಎಂಗಜ್ಜಿ ಕೇಳುಸ್ತು?" ಎಂದು ಅವಳ ಕಿವಿಯ ಹತ್ತಿರ ಕೂಗಿದೆ.

ಅಜ್ಜಿ ನನ್ನ ಕೆನ್ನೆ ಸವರಿ ನಕ್ಕಳು. ನನ್ನ ಪ್ರಶ್ನೆ ಕೇಳಿಸಲಿಲ್ಲವೋ, ಕೇಳಿಸಿಯೂ ಹೇಳಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.