ತುಳಸಿಯನ್ನು ಒಳಗೆ ಕರೆಯುವ ದಿನ

ಬೆಳಗಿನ ಆರೂವರೆ. ಅಮೆರಿಕದ ಹಿಲ್ಸ್‌ಬರೋದ ಒಂದು ಹಿತ್ತಲಲ್ಲಿ ಜಯರಾಮು ಅವರು ಬೂಟು ಕಳಚಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಾರೆ. ಪಾದಕ್ಕೆ ತಣ್ಣಗೆ ತಾಗುತ್ತದೆ, ಆದರೆ ಕೊರೆಯುವುದಿಲ್ಲ. ಬೇಲಿಯ ಪಕ್ಕದ ಡಾಗ್‌ವುಡ್ ಮರ ಚಳಿ ಬಂತೆಂಬಂತೆ ಆಗಲೇ ಕೆಂಪಾಗಿದೆ; ಅದರ ಬುಡದ ಕುಂಡದಲ್ಲಿ ಮಲ್ಲಿಗೆ ಇನ್ನೂ ಬೇಸಿಗೆಯೆಂಬಂತೆ ಹೊಸದಾಗಿ ಮೊಗ್ಗು ಬಿಟ್ಟಿದೆ. ಯಾವುದನ್ನು ನಂಬುವುದೆಂದು ತಿಳಿಯದೆ ಅವರು ಎರಡನ್ನೂ ಮತ್ತೆ ಮತ್ತೆ ನೋಡುತ್ತಾರೆ.

ಪಾಂಡವಪುರದ ಕಡೆಯವರಾದ ಜಯರಾಮು ಅವರಿಗೆ ಈಗ ಅರವತ್ತಮೂರು. ಹಗಲೆಲ್ಲ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ. ಅದಕ್ಕೆ ಮುಂಚೆ ಸುತ್ತಲಿನ ಇಪ್ಪತ್ತೇಳು ಮನೆಗಳ ತುಳಸಿ, ಕರಿಬೇವಿನ ಕುಂಡಗಳನ್ನು ನೋಡಿ ಬರುತ್ತಾರೆ. ಫಾಲ್, ಅಂದರೆ ಚಳಿಗೆ ಮುಂಚಿನ ಎಲೆ ಉದುರುವ ಕಾಲ, ಬಂತೆಂದರೆ ಅವನ್ನೆಲ್ಲ ವ್ಯಾನಿನಲ್ಲಿ ಒಯ್ದು ನರ್ಸರಿಯ ಗಾಜಿನ ಮನೆಯಲ್ಲಿ ಚಳಿಗಾಲ ಕಳೆಸುವುದು, ಮೇ ತಿಂಗಳಲ್ಲಿ ಹಿಂದಿರುಗಿಸುವುದು. ಬೇಗ ಒಯ್ದರೆ ಎಲೆ ಉದುರುತ್ತದೆ. ತಡಮಾಡಿದರೆ ಒಂದೇ ರಾತ್ರಿಯ ಫ್ರಾಸ್ಟ್, ಹುಲ್ಲಿನ ಮೇಲೆ ಉಪ್ಪು ಎರಚಿದಂತೆ ಕೂರುವ ಹಿಮ, ತುಳಸಿಯನ್ನು ಕಪ್ಪಾಗಿಸುತ್ತದೆ.

ಹೋದ ವರ್ಷ ಈ ಮನೆಯಲ್ಲಿ ಹಾಗೇ ಆಯಿತು. ಗೃಹಿಣಿ ಗಾರ್ಗಿಯ ಅತ್ತೆ ತ್ರಿಪುರಸುಂದರಮ್ಮ ಹನ್ನೊಂದು ವರ್ಷ ಸಾಕಿದ ತುಳಸಿ. ಆಕೆ ತೀರಿಕೊಂಡು ಮೂರು ತಿಂಗಳಾಗಿತ್ತು. ಹಿಮ ಬೀಳುತ್ತದೆಂದು ಜಯರಾಮು ವ್ಯಾನು ತಂದರು. ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಕಳಿಸಬಾರದೆಂದು ಗಾರ್ಗಿ ತಡೆದರು. ಇವರೂ ಒಪ್ಪಿದರು. ಶನಿವಾರ ಬರುವಷ್ಟರಲ್ಲಿ ಗಿಡ ಹೋಗಿತ್ತು.

"ಅತ್ತೆ ಹೋದಾಗ ಅಳದೇ ಇದ್ದವರು ಅವತ್ತು ಕುಂಡ ಹಿಡ್ಕೊಂಡು ಅತ್ತರು. ನಾನು ಶಾಸ್ತ್ರ ಉಳಿಸಿದೆನೋ, ಗಿಡಕ್ಕೆ ಮೋಸ ಮಾಡಿದೆನೋ, ಇವತ್ತಿಗೂ ಗೊತ್ತಾಗಿಲ್ಲ" ಎನ್ನುತ್ತಾರೆ ಜಯರಾಮು.

ಆ ಗಿಡದ ಬೀಜದಿಂದ ಎದ್ದ ಒಂದೇ ಸಸಿ ಈಗ ಗೇಣುದ್ದವಿದೆ. ಇಂದೂ ಶುಕ್ರವಾರ. ಹಿಮಕ್ಕೆ ಇನ್ನೂ ದೂರವಿದೆ ಎನ್ನುತ್ತಿದೆ ಫೋನು. ಆದರೆ ಚಳಿ ಹತ್ತಿರವಾದಾಗ ಅಡಗುವ ಜೀರುಂಡೆಯ ಸದ್ದು ಎರಡು ದಿನದಿಂದ ಹಿತ್ತಲಲ್ಲಿಲ್ಲ.

ಕಾಫಿ ಹಿಡಿದು ಬಂದ ಗಾರ್ಗಿ, "ಏನಂಕಲ್, ನಿಮ್ಮ ಕ್ಯಾಲೆಂಡರಲ್ಲಿ ಬೇರೆ ವಾರಾನೇ ಇಲ್ವಾ?" ಎಂದು ಕೆಣಕುತ್ತಾರೆ. ಆಮೇಲೆ ದನಿ ತಗ್ಗುತ್ತದೆ. "ಫಾಲ್ ಬಂತು ಅಂತೀರಾ?"

"ಮರ ಬಂತು ಅನ್ನುತ್ತೆ, ಮಲ್ಲಿಗೆ ಇಲ್ಲ ಅನ್ನುತ್ತೆ. ನನಗೇನೂ ತಿಳೀತಿಲ್ಲಮ್ಮ."

ಗಾರ್ಗಿ ಸಸಿಯನ್ನು ಕಳಿಸಲಾರರು, ಹೊರಗೆ ಬಿಡಲಾರರು. ಜಯರಾಮು ಸಸಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳುತ್ತಾರೆ: "ಕಳಿಸಬಾರದು, ಅಷ್ಟೇ ತಾನೆ? ವ್ಯಾನಿಗೆ ಬೇಡ. ಒಳಗೆ ಕರ್ಕೊಳ್ಳಿ. ಯಾಕೋ ಇವತ್ತು ರಾತ್ರಿ ಹಿಮ ಬೀಳುತ್ತೆ ಅನ್ಸುತ್ತೆ." ಸಸಿಗೆ ಕೈಮುಗಿದು, ಕುಂಡವನ್ನೆತ್ತಿ, ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ತಾವೇ ಇಡುತ್ತಾರೆ.

ಶನಿವಾರ ಬಂದು ನೋಡಿದರೆ ಹಿತ್ತಲ ಹುಲ್ಲು ಹಸಿರಾಗಿಯೇ ಇದೆ. ಹಿಮ ಬಿದ್ದೇ ಇಲ್ಲ. ನಗಬೇಕೋ ನಾಚಬೇಕೋ ತಿಳಿಯದೆ ಜಯರಾಮು ತಲೆ ಕೆರೆದುಕೊಳ್ಳುತ್ತಾರೆ.

"ಹೋದ ವರ್ಷ ಹಿಮ ಬೀಳುತ್ತೆ ಅನ್ನೋ ನನ್ನ ಮಾತು ಸರಿಯಾಗಿತ್ತು, ಗಿಡ ಹೋಯ್ತು. ಈ ವರ್ಷ ತಪ್ಪಿದೆ, ಗಿಡ ಇದೆ. ಇನ್ಮೇಲೂ ಹೀಗೇ ತಪ್ಪಲಿ ಅಂತ ದೇವರನ್ನ ಕೇಳ್ಕೋತೀನಿ."