ಲಿಟಲ್ ಎಂದುಬಿಟ್ಟೆ

ಚೆನ್ನೈಗೆ ಬಂದ ವಾರದಲ್ಲೇ ನೆರೆಮನೆಯವರು ಊಟಕ್ಕೆ ಕರೆದರು. ಅನ್ನದ ಪಾತ್ರೆ ಎದುರಿಗೆ ಬಂದಾಗ "ಲಿಟಲ್" ಎಂದೆ. ಒಂದು ಸೌಟು ಬಿತ್ತು. ಪಾತ್ರೆ ಒಳಗೆ ಹೋಯಿತು, ಮತ್ತೆ ಹೊರಗೆ ಬರಲೇ ಇಲ್ಲ. ನಮ್ಮ ಸೇಡಂನಲ್ಲಿ ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿದರೆ ಆ ಕೈ ಸರಿಸಿ ಬಡಿಸುತ್ತೇವೆ. ಇಲ್ಲಿ ಆಡಿದ ಮಾತನ್ನು ಆಡಿದಷ್ಟೇ ನಂಬುತ್ತಾರೆ.

ಮನೆಗೆ ಬಂದ ಮೇಲೆ ಹೆಂಡತಿ ಶರಣಮ್ಮ ನಕ್ಕಳು: "ಇಂಗ್ಲಿಷ್ ಮಾತಾಡಿ ಉಪಾಸ ಬಂದ್ರಲ್ರೀ! ಕುಂದ್ರಿ, ರೊಟ್ಟಿ ಅವ."

ಮಗಳು ಸುವರ್ಣಾ ರೈಲ್ವೆ ನೌಕರಿಯಲ್ಲಿದ್ದಾಳೆ. ವಾಡಿ ಜಂಕ್ಷನ್ನಿನಿಂದ ಇಲ್ಲಿಗೆ ವರ್ಗವಾದಾಗ ಮೊಮ್ಮಗಳನ್ನು ನೋಡಿಕೊಳ್ಳಲು ನಾವೂ ಬಂದೆವು. ತಮಿಳು ಬಾರದು, ನಮ್ಮ ಹಿಂದಿ ನಡೆಯದು. ಹೈಸ್ಕೂಲಿನ ಇಂಗ್ಲಿಷಿನಲ್ಲಿ ಆ ಒಂದು ಶಬ್ದವೇ ನನಗೆ ಊರುಗೋಲಾಯಿತು. ತಮಿಳು ಗೊತ್ತೇ? ಲಿಟಲ್. ಕಾಫಿಗೆ ಸಕ್ಕರೆ? ಲಿಟಲ್. ಹಾಗೆಂದರೆ ಜನ ನಗುತ್ತಿದ್ದರು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ನನಗೆ ಊರು ಹೊಂದಿತೆಂದೇ ತಿಳಿದೆ.

ಒಂದು ದಿನ ಶರಣಮ್ಮನಿಗೆ ಹಣೆ, ಎಡಗಣ್ಣು ನೋಯತೊಡಗಿದವು. "ಸುವರ್ಣಾ ಡ್ಯೂಟಿಯಿಂದ ಬರ್ಲಿ, ಆಕಿ ಕೂಡ ಹೋಗ್ತೀನ್ರಿ" ಎಂದಳು.

"ಯಾಕ, ನನಗ ಇಂಗ್ಲಿಷ್ ಬರಂಗಿಲ್ಲೇನು?" ಎಂದು ನಾನೇ ಓಣಿಯ ದವಾಖಾನೆಗೆ ಕರೆದೊಯ್ದೆ.

ನೋವು ಎಷ್ಟಿದೆ ಎಂದು ಡಾಕ್ಟರು ಕೇಳಿದರು. ನಾನು ಅವಳ ಕಡೆ ತಿರುಗಿದೆ.

"ಜರಾ ನೋಯ್ತದರಿ."

ಜರಾ ಎಂದರೆ ನಮ್ಮಲ್ಲಿ ಸ್ವಲ್ಪ. ಹೆರಿಗೆಯ ನೋವಿನಲ್ಲೂ ಅವಳು ಜರಾ ಎಂದವಳೇ. ಗೋಡೆಗೆ ಹಣೆ ಒತ್ತಿ ನಿಂತಿದ್ದನ್ನು ಬೆಳಿಗ್ಗೆಯಷ್ಟೇ ಕಂಡಿದ್ದೆ. ಆದರೆ ಅದನ್ನೆಲ್ಲ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಇಲ್ಲವೆಂಬುದು ಅವಳೆದುರು ಬಯಲಾಗುವುದೂ ನನಗೆ ಬೇಕಿರಲಿಲ್ಲ. "ಲಿಟಲ್" ಎಂದುಬಿಟ್ಟೆ. ಡಾಕ್ಟರು ತಲೆನೋವಿನ ಗುಳಿಗೆ ಬರೆದು, ಕಡಿಮೆಯಾಗದಿದ್ದರೆ ಬನ್ನಿ ಎಂದರು.

ಗುಳಿಗೆ ನಂಬಿ ಎರಡು ದಿನ ಕಳೆದೆವು. ಸುವರ್ಣಾ ಕಣ್ಣಿನ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎಡಗಣ್ಣಿನ ದೃಷ್ಟಿ ಹೋಗಿತ್ತು. ಕಣ್ಣೊಳಗಿನ ಒತ್ತಡ ಏರಿತ್ತಂತೆ.

ಮೊನ್ನೆ ಸೇಡಂಗೆ ಹೋಗಿದ್ದೆವು. ತಂಗಿ ಮಹಾದೇವಿ ಬಡಿಸುತ್ತಿದ್ದಳು. ನಾನು ಸಾಕೆಂದೆ, ಇನ್ನೊಂದು ರೊಟ್ಟಿ ಬಿತ್ತು. ನಿಜಕ್ಕೂ ಸಾಕಾಗಿತ್ತು.

"ವೈನಿ, ಕಣ್ಣ ನೋಯ್ತದೇನ್ರಿ?" ಎಂದು ಅವಳು ಶರಣಮ್ಮನನ್ನು ಕೇಳಿದಳು.

"ಜರಾ."

ಮಹಾದೇವಿ ರೊಟ್ಟಿಬುಟ್ಟಿ ಅಲ್ಲೇ ಇಟ್ಟು ಎದ್ದಳು. ಕಿಟಕಿ ಮುಚ್ಚಿದಳು, ಹಾಸಿಗೆ ಹಾಸಿದಳು. "ಇಷ್ಟೊತ್ತು ಯಾಕ ಸುಮ್ಮ ಕುಂತಿದ್ರಿ? ಏಳ್ರಿ, ಮಕ್ಕೋರಿ" ಎಂದು ಕೈಹಿಡಿದು ಎಬ್ಬಿಸಿದಳು. ನಾನು ತಾಟಿನ ಮುಂದೆ ಕುಳಿತೇ ಇದ್ದೆ.

ಮರುದಿನ ವಾಡಿಯಲ್ಲಿ ಚೆನ್ನೈ ಗಾಡಿ ಹತ್ತಿದೆವು. ಉಳಿದ ಕಣ್ಣನ್ನಾದರೂ ಕಾಪಾಡುವ ಚಿಕಿತ್ಸೆ ಚೆನ್ನೈಯಲ್ಲೇ ನಡೆದಿದೆ. ಅವಳ ಜರಾ ಎಷ್ಟೆಂದು ಬಲ್ಲವರೆಲ್ಲ ಸೇಡಂನಲ್ಲಿದ್ದಾರೆ. ಅಂದು ಆ ದವಾಖಾನೆಯಲ್ಲಿ ಬಲ್ಲವನು ನಾನೊಬ್ಬನೇ ಇದ್ದೆ.